ಯಜಮಾನರು ಅಲುಗಾಡಲಿಲ್ಲ

ಮಾಲಿಂಗನ ಬಾಳಿನ ಎಲ್ಲ ತಾಪತ್ರಯಕ್ಕೂ ಮೂಲ ಅವನ ಎಡಗಾಲು. ನೋಡಲು ಗಟ್ಟಿಮುಟ್ಟಾದ ಕಾಲೇ. ಆದರೆ ಹದಿನೇಳು ಕಬ್ಬಿನ ಹಂಗಾಮು ಆ ಕಾಲು ಒಂದೇ ಒಂದು ಕೆಲಸ ಮಾಡಿತ್ತು. ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್, ಅವುಗಳ ಮೇಲೆ ಕರೆಂಟಿನ ತಂತಿಗೆ ತಾಗುವಷ್ಟು ಕಬ್ಬು, ಅಷ್ಟನ್ನೂ ನಿಂತಲ್ಲಿಂದ ಎಬ್ಬಿಸಿ ಮೂಡಲಗಿ ರಸ್ತೆಗೆ ಹತ್ತಿಸುವುದು. ಅಂಥ ಭಾರವನ್ನು ಎಬ್ಬಿಸಲು ನಯನಾಜೂಕು ನಡೆಯುವುದಿಲ್ಲ. ಬಲಗಾಲಿನಿಂದ ಪೂರಾ ರೇಸ್ ಕೊಟ್ಟು ಎಡಗಾಲನ್ನು ಕ್ಲಚ್ಚಿನಿಂದ ಫಟ್ಟನೆ ತೆಗೆಯಬೇಕು. ಆಗ ಟ್ರೇಲರುಗಳು ಒಂದಿಷ್ಟು ಗೊಣಗಿ, ಕಬ್ಬಿನ ಒಂದು ಗಳವೂ ಬೀಳದಂತೆ ಮೆಲ್ಲಗೆ ಹೊರಡುತ್ತವೆ. ಮಮದಾಪುರದಲ್ಲಿ ಲೋಡು ಎಬ್ಬಿಸುವುದರಲ್ಲಿ ಮಾಲಿಂಗನನ್ನು ಮೀರಿಸಿದವರಿರಲಿಲ್ಲ.

ಹಂಗಾಮು ಮುಗಿದು ಟ್ರೇಲರ್ ಖಾಲಿಯಾದ ಮೇಲೂ ಕಾಲು ಅದೇ ಕಾಲು. ಖಾಲಿ ಟ್ರೇಲರಿಗೆ ಅಷ್ಟೇ ಜೋರು ತಾಗಿದರೆ ಅದು ಹಗ್ಗ ಬಿಚ್ಚಿದ ಕರುವಿನಂತೆ ಜಿಗಿಯುತ್ತಿತ್ತು. ಹೋದ ಅಮಾವಾಸ್ಯೆಗೆ ಮನೆಯ ಹೆಂಗಸರನ್ನು ಗುಡಿಗೆ ಕರೆದೊಯ್ಯುವಾಗ ಹಾಗೆಯೇ ಜಿಗಿಯಿತು. ಟ್ರೇಲರ್ ಮುಂದೆ ಹೋಯಿತು, ಸಾಹುಕಾರರ ಮನೆಯ ಅಲ್ಲವ್ವ ಮಾತ್ರ ಇದ್ದಲ್ಲೇ ಇದ್ದು, ಹಿಂದಿದ್ದ ತೆಂಗಿನಕಾಯಿ ಬುಟ್ಟಿಯ ಮೇಲೆ ಬಿದ್ದರು. ಮುಂದಿನ ಎರಡು ಹಲ್ಲು ಹೋದವು. ಅಂದಿನಿಂದ ಆಕೆ ಮಾಲಿಂಗನನ್ನು ಬಯ್ಯುವಾಗ ಬೈಗುಳದ ಜತೆಗೆ ಗಾಳಿಯೂ ಬರುತ್ತಿತ್ತು.

ಅಲ್ಲವ್ವನ ಗಂಡ, ಟ್ರ್ಯಾಕ್ಟರಿನ ಒಡೆಯ ಸಾಹುಕಾರ ಶಿದ್ಲಿಂಗಪ್ಪ ಯಜಮಾನರು ಈ ಜಿಗಿತಕ್ಕೆ ತೀರ ವಿರುದ್ಧ ಸ್ವಭಾವದವರು. ಅವರು ಕೂತರೆ ಏಳುವವರಲ್ಲ. ರಸ್ತೆ ಅಗಲ ಮಾಡಲು ಬಂದವರು ಅವರ ಮನೆಮುಂದಿನ ಕಟ್ಟೆ ಒಡೆಯಬೇಕೆಂದಾಗ ಯಜಮಾನರು ಅದರ ಮೇಲೆ ಹೋಗಿ ಕೂತರು. ನಾಲ್ಕನೆಯ ದಿನ ರಸ್ತೆಯೇ ಬಾಗಿತು. ಇನ್ನು ಹೊರಟರೆ ನಿಲ್ಲುವವರೂ ಅಲ್ಲ. ಅಣ್ಣನ ಮೇಲೆ ಗೋಕಾಕದ ಕೋರ್ಟಿನಲ್ಲಿ ಹೂಡಿದ ದಾವೆಯನ್ನು, ಅಣ್ಣ ಸತ್ತ ಮೇಲೂ ಒಂಬತ್ತು ವರ್ಷ ನಡೆಸಿದರು.

ಇಂಥ ಮನುಷ್ಯನಿಂದ ಮಾಲಿಂಗ ಎಂಟು ಗುಂಟೆ ಜಾಗ ಗಿಟ್ಟಿಸಿಕೊಂಡಿದ್ದ ಅಂದರೆ ಸಣ್ಣ ಮಾತಲ್ಲ. ಮದುವೆಯಾದಾಗಿನಿಂದ ಅವನೂ ಹೆಂಡತಿ ಸಾವಿತ್ರವ್ವನೂ ಸಾಹುಕಾರರ ಟ್ರ್ಯಾಕ್ಟರ್ ಶೆಡ್ಡಿನ ಒಂದು ಮೂಲೆಯಲ್ಲಿ ತಗಡಿನ ಮರೆ ಮಾಡಿಕೊಂಡು ಇದ್ದರು. ಡೀಸೆಲ್ ವಾಸನೆ ರೊಟ್ಟಿಗೂ ಹತ್ತಿತ್ತು. ಹೊಲದ ದಾರಿಯ ಪಕ್ಕದ ಎಂಟು ಗುಂಟೆ ತುಂಡು ಕೊಟ್ಟರೆ ಎರಡು ಖೋಲಿಯ ಮನೆ, ಹಿಂದೆ ಕುರಿ ಹಟ್ಟಿ ಕಟ್ಟಿಕೊಳ್ಳುತ್ತೇನೆಂದು ಹದಿನೇಳು ವರ್ಷ ಕೇಳಿದ. ಹೋದ ವಾರ ಯಜಮಾನರು ಚಹಾ ಕುಡಿಯುತ್ತ, "ಹೂಂ, ತಗೋ. ಸೋಮವಾರ ಗೋಕಾಕಕ್ಕ ಹೋಗಿ ಬರ್ದ ಕೊಡ್ತೇನಿ" ಅಂದುಬಿಟ್ಟರು. ಸಾವಿತ್ರವ್ವ ಅಂದೇ ಓಡಿಹೋಗಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟು ಕುಂಕುಮ ಹಚ್ಚಿ ಬಂದಳು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಯಜಮಾನರು ಅದೇ ಕಟ್ಟೆಯ ಮೇಲೆ, ಅದೇ ಚಹಾದ ಬಟ್ಟಲು ಹಿಡಿದು, ಕೂತಲ್ಲೇ ತೀರಿಕೊಂಡರು. ಚಹಾ ಆರಿದರೂ ಕುಡಿಯಲಿಲ್ಲವೆಂದು ಅಲ್ಲವ್ವ ಬಯ್ಯಲು ಬಂದಾಗಲೇ ಗೊತ್ತಾಗಿದ್ದು.

ಸುದ್ದಿ ಕೇಳಿ ಮಾಲಿಂಗನಿಗೆ ಅಳು ಬಂತು. ಅರ್ಧ ಯಜಮಾನರಿಗೆ, ಅರ್ಧ ಸೋಮವಾರಕ್ಕೆ. ಯಾವ ಅರ್ಧ ದೊಡ್ಡದೆಂದು ಅವನೇ ವಿಚಾರ ಮಾಡಲು ಹೋಗಲಿಲ್ಲ.

ಯಜಮಾನರ ಮಗ ಗುರುಲಿಂಗಪ್ಪ ಅಂಗಳದಲ್ಲಿ ನಿಂತು ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಹುಕ್ಕೇರಿಯ ಬೀಗರು ಬರುವವರೆಗೆ ಕಾಯಬೇಕು, ಮಧ್ಯಾಹ್ನ ಮೂರಕ್ಕೆ ಮಣ್ಣು ಎಂದು ತೀರ್ಮಾನವಾಯಿತು. ಯಜಮಾನರ ಮನೆತನದ ಪದ್ಧತಿಯಂತೆ ಹೆಣವನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಬಿದಿರು ಕಟ್ಟಿ ಹೂ ಸುತ್ತಿದ ವಿಮಾನದಲ್ಲಿ ಕುಳ್ಳಿರಿಸಿ, ಭಜನೆ ಮಾಡುತ್ತ ಹೊಲಕ್ಕೆ ಒಯ್ದು, ಕೂತ ಹಾಗೆಯೇ ಕುಣಿಯಲ್ಲಿ ಇಳಿಸುತ್ತಾರೆ. ಯಜಮಾನರು ಹೊರಲಾರದಷ್ಟು ದಪ್ಪ. ಹಾಗಾಗಿ ಟ್ರ್ಯಾಕ್ಟರೇ ಗತಿ.

"ಮಾಲಿಂಗಾ, ಇಲ್ಲಿ ಬಾ" ಎಂದು ಗುರುಲಿಂಗಪ್ಪ ಕರೆದ. ಪಕ್ಕದಲ್ಲಿ ಲಗಮಪ್ಪ ನಿಂತಿದ್ದ. ಊರಿನ ಯಾವ ಸಾವೂ ತನ್ನ ಸಲಹೆಯಿಲ್ಲದೆ ಸಾಗಬಾರದೆಂದು ನಂಬಿದ ಹಿರಿಯ ಅವನು.

"ಅಪ್ಪ ನಿನಗ ಮಾತ ಕೊಟ್ಟಾನ, ನನಗ ಗೊತ್ತೈತಿ" ಎಂದ ಗುರುಲಿಂಗಪ್ಪ. "ನಾ ನಡಸ್ತೇನಿ. ಆದ್ರ ಇವತ್ತ ಮನೀಯಿಂದ ಕುಣೀತನಕ ಅಪ್ಪ ಅಲುಗಾಡಬಾರ್ದು. ನೀ ನಮ್ಮವ್ವನ ಹಲ್ಲ ಉದುರಿಸಿದಂಗ ಗಾಡಿ ಜಿಗಿಸಿ ಜಟಕಾ ಹೊಡ್ದು, ಅಪ್ಪ ಬೀಗರ ಮುಂದ ಒಂದಿಂಚ ಸರದ್ರೂ ಎಂಟ ಗುಂಟೆ ಮರ್ತಬಿಡು. ಲಗಮಣ್ಣಾ, ನೀ ಸಾಕ್ಷಿ."

"ನಾ ವಿಮಾನದ ಮ್ಯಾಲ ಕಣ್ಣ ಇಟ್ಟ ನಡೀತೇನಿ" ಎಂದ ಲಗಮಪ್ಪ, ಯಾರೋ ದೊಡ್ಡ ಹುದ್ದೆ ಕೊಟ್ಟಂತೆ.

ಒಳಗೆ ಗಂಡನ ಗುಣ ಹೇಳಿಕೊಂಡು ಅಳುತ್ತಿದ್ದ ಅಲ್ಲವ್ವ ಅಳು ನಿಲ್ಲಿಸಿ, ಕಿಟಕಿಯಿಂದ, "ಮಾಲಿಂಗಾ, ಸಾವಕಾಶೋ!" ಎಂದು ಊದಿ, ಬಿಟ್ಟಲ್ಲಿಂದ ಮತ್ತೆ ಅಳತೊಡಗಿದರು.

ಮಾಲಿಂಗ ಶೆಡ್ಡಿಗೆ ಬಂದು ಟ್ರ್ಯಾಕ್ಟರ್ ಚಾಲೂ ಮಾಡಿ ಪರೀಕ್ಷೆ ಮಾಡಿದ. ಮೆಲ್ಲಗೆ, ಮೆಲ್ಲಗೆ ಎಂದು ಕಾಲಿಗೆ ಹೇಳಿದ. ಕಾಲು ಫಟ್ಟನೆ ಎದ್ದಿತು. ಟ್ರೇಲರಿನ ಮೇಲೆ ಪರೀಕ್ಷೆಗೆಂದು ನಿಲ್ಲಿಸಿದ್ದ ನೀರು ತುಂಬಿದ ಕೊಡ ಹಿಂದಕ್ಕೆ ಉರುಳಿತು. ಎರಡನೆಯ ಸಲವೂ ಉರುಳಿತು. ಮೂರನೆಯ ಸಲ ಕೊಡವೇ ನೆಗ್ಗಿತು. ಮಾಲಿಂಗ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತ.

"ಏನ್ ಮಾಡಾಕತ್ತೀರಿ ಮಾಲಿಂಗ ಕಾಕಾ?"

ಗುರುಲಿಂಗಪ್ಪನ ಮಗಳು ಸುಮನ್. ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಓದುವವಳು, ಅಜ್ಜನ ಸುದ್ದಿ ಕೇಳಿ ಈಗಷ್ಟೇ ಬಸ್ಸಿಳಿದು ಬಂದಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಮಾಲಿಂಗ ತನ್ನ ಕಾಲಿನ ಕತೆ, ಎಂಟು ಗುಂಟೆಯ ಕತೆ ಎರಡನ್ನೂ ಹೇಳಿದ.

"ಕಾಲಿಂದೇನೂ ತಪ್ಪಿಲ್ಲ ಕಾಕಾ" ಎಂದಳು ಸುಮನ್, ಮೂಗು ಒರೆಸಿಕೊಳ್ಳುತ್ತ. "ಇಂಜಿನ್ ಜಗ್ಗೂ ಜೋರ ಅಷ್ಟ ಐತಿ. ಭಾರ ಹೆಚ್ಚಿದ್ರ ಗಾಡಿ ಸಾವಕಾಶ ವೇಗ ಹಿಡೀತೈತಿ, ಭಾರ ಕಡಿಮಿ ಆದ್ರ ಒಮ್ಮಿಗೇ ಹಿಡೀತೈತಿ. ಮ್ಯಾಲ ಕುಂತದ್ದು ಮಾತ್ರ ಇದ್ದಲ್ಲೇ ಇರಾಕ ನೋಡ್ತೈತಿ. ಕೆಳಗಿಂದ ಟ್ರೇಲರ್ ಸರದ್ರ ಕೊಡ ಹಿಂದ ಬೀಳಬೇಕಲ್ಲ."

"ಅಂದ್ರ ಅಮ್ಮಾವ್ರ ಹಲ್ಲ..."

"ಅದೂ ಹಂಗ."

"ಈಗೇನ್ ಮಾಡ್ಲವಾ?"

"ಕಾಲ ಬದಲ್ ಮಾಡಾಕ ಆಗೂದಿಲ್ಲ. ಭಾರ ಹೆಚ್ಚ ಮಾಡ್ಬೇಕಷ್ಟ" ಎಂದು ಸುಮ್ಮನೆ ಮಾತಿಗೆ ಹೇಳಿ, ಒಳಗಿನಿಂದ ಯಾರೋ ಕರೆದರೆಂದು ಹೋದಳು.

ಮಾಲಿಂಗ ಶೆಡ್ಡಿನ ಸುತ್ತ ಕಣ್ಣು ಹಾಯಿಸಿದ. ಗೋಡೆಗೆ ಹೊಂದಿ ಗುರುಲಿಂಗಪ್ಪನ ಹೊಸ ಮಾಳಿಗೆಗೆಂದು ತರಿಸಿದ ಸಿಮೆಂಟಿನ ಚೀಲಗಳು ಮಾಳಿಗೆಯಷ್ಟೇ ಎತ್ತರಕ್ಕೆ ಕೂತಿದ್ದವು.

ಜನವೆಲ್ಲ ಯಜಮಾನರಿಗೆ ಸ್ನಾನ ಮಾಡಿಸುವ ಗದ್ದಲದಲ್ಲಿತ್ತು. ಎರಡು ತಾಸು ಮಾಲಿಂಗ ಒಬ್ಬನೇ ಚೀಲ ಹೊತ್ತ. ಅರವತ್ತು ಚೀಲ ಟ್ರೇಲರಿನ ತಳಕ್ಕೆ ಸಾಲಾಗಿ ಹಾಸಿ, ಮೇಲೆ ತಾಡಪತ್ರಿ, ಅದರ ಮೇಲೆ ಜಮಖಾನೆ, ಸುತ್ತಲೂ ಬಾಳೆಗಿಡ ಕಟ್ಟಿದ. ಬೆವರಿನ ಮೇಲೆ ಸಿಮೆಂಟು ಕೂತು ಮುಖ ಬೂದಿಬೂದಿಯಾಗಿತ್ತು. ನೋಡಿದವರು, ಪಾಪ, ಯಜಮಾನ್ರ ಮ್ಯಾಲ ಎಷ್ಟ ಜೀವ ಇವಂದು, ಮುಖ ಹೆಂಗ ಆಗೇತಿ ನೋಡ್ರಿ ಅಂದರು.

ಟ್ರೇಲರ್ ಅಂಗಳಕ್ಕೆ ಬಂದಾಗ ಲಗಮಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮಾಲಿಂಗ ಜಮಖಾನೆಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದ.

"ಕುಂದ್ರೂ ಜಾಗ ಎತ್ತರ ಮಾಡಿದಿ ಏನ?"

"ಹೂನ್ರಿ. ನಾಕ ಮಂದಿಗಿಂತ ಎತ್ತರದಾಗ ಇರ್ಲಿ ಅಂತ."

"ಶಾಣ್ಯಾ ಅದಿ. ಮರ್ಯಾದಿ ಅಂದ್ರ ಇದು."

ಯಜಮಾನರನ್ನು ವಿಮಾನದಲ್ಲಿ ಕುಳ್ಳಿರಿಸಿ ಟ್ರೇಲರಿಗೆ ಏರಿಸಲು ಹನ್ನೆರಡು ಜನ ಬೇಕಾಯಿತು. ಅಲ್ಲವ್ವ ಹತ್ತಿದರು, ಭಜನೆ ಮೇಳದವರು ಪೇಟಿ ತಬಲಾ ಸಮೇತ ಹತ್ತಿದರು. ಹುಕ್ಕೇರಿಯ ಬೀಗರು ಫೋನ್ ಹಿಡಿದು ಚಿತ್ರ ತೆಗೆಯಲು ಮುಂದೆ ನಿಂತರು. ಗುರುಲಿಂಗಪ್ಪ ಮಾಲಿಂಗನನ್ನೇ ದಿಟ್ಟಿಸಿದ. ಮಾಲಿಂಗ ಮನೆದೇವರನ್ನು ನೆನೆದು ಪೂರಾ ರೇಸ್ ಕೊಟ್ಟು ಎಡಗಾಲನ್ನು ಅದರ ಇಷ್ಟಕ್ಕೆ ಬಿಟ್ಟ.

ಟ್ರೇಲರ್ ಒಂದಿಷ್ಟು ಗೊಣಗಿತು. ಆಮೇಲೆ ತೊಟ್ಟಿಲು ತೂಗಿದಷ್ಟು ಮೆಲ್ಲಗೆ ಹೊರಟಿತು. ವಿಮಾನದ ಒಂದು ಹೂವೂ ಉದುರಲಿಲ್ಲ.

ಮಾಲಿಂಗನಿಗೆ ಕಣ್ಣಲ್ಲಿ ನೀರು ತುಂಬಿತು. ಊರಿನ ಬೀದಿ, ಶಾಲೆಯ ತಿರುವು, ಕಾಲುವೆಯ ಸೇತುವೆ, ಎಲ್ಲಿಯೂ ಯಜಮಾನರು ಮಿಸುಕಲಿಲ್ಲ. ಲಗಮಪ್ಪ ಹಿಂದಿನಿಂದ ನಡೆಯುತ್ತ ಆಗಾಗ, "ಅಲುಗಾಡಿಲ್ಲ!" ಎಂದು ಭಜನೆಗಿಂತ ಎತ್ತರದ ದನಿಯಲ್ಲಿ ಸಾರುತ್ತಿದ್ದ. ಗುರುಲಿಂಗಪ್ಪ ಮುಂದೆ ಬಂದು, "ಭೇಷ್ ಮಾಲಿಂಗಾ" ಎಂದು ಅವನ ತೊಡೆ ತಟ್ಟಿದ. ಮಾಲಿಂಗ ಮನಸ್ಸಿನಲ್ಲೇ ಮನೆಗೆ ಬಾಗಿಲು ಇಟ್ಟ, ಕಿಟಕಿ ಇಟ್ಟ, ಕುರಿ ಹಟ್ಟಿಗೆ ತಡಿಕೆ ಕಟ್ಟಿದ. ಅಷ್ಟರಲ್ಲಿ ಹೊಲದ ದಾರಿ ಬಂತು.

ಕುಣಿ ತೋಡಿದ್ದ ಜಾಗ ಅಲ್ಲಿಂದ ಇನ್ನೂರು ಹೆಜ್ಜೆ. ಆದರೆ ದಾರಿಯ ನಡುವೆ ಯಾವ ಕಾಲದ್ದೋ ಒಂದು ಬಂಡೆ ಬೆನ್ನು ಎತ್ತಿಕೊಂಡು ಕೂತಿತ್ತು. ಅದರ ಮೇಲೆ ಗಾಲಿ ಹತ್ತಿ ಇಳಿದರೆ ವಿಮಾನ ಮಗುಚುವುದು ಖಂಡಿತ. ಬಲಗಡೆ ಕಾಲುವೆ. ಎಡಗಡೆ ಕುಂಕುಮದ ಕಲ್ಲು ನೆಟ್ಟ ತನ್ನದೇ ಎಂಟು ಗುಂಟೆ, ಅಂಗೈಯಂತೆ ಸಪಾಟು. ಮಾಲಿಂಗ ಎರಡು ಸಲ ಯೋಚಿಸದೆ ಎಡಕ್ಕೆ ತಿರುಗಿಸಿದ. ತನ್ನ ನೆಲ ತನಗೆ ಮೋಸ ಮಾಡೀತೆ?

ನೆಲದ ನಡುವಿಗೆ ಬರುವಷ್ಟರಲ್ಲಿ ಟ್ರೇಲರ್ ನಿಂತಿತು. ಜಟಕಾ ಇಲ್ಲ, ಸಪ್ಪಳವಿಲ್ಲ. ಬೆಲ್ಲದ ಕೊಪ್ಪರಿಗೆಯಲ್ಲಿ ಸೌಟು ಇಳಿದಂತೆ ನಾಲ್ಕೂ ಗಾಲಿ ಅಚ್ಚಿನವರೆಗೆ ಇಳಿದವು. ಮೇಲಿನ ಮಣ್ಣು ಬಿಸಿಲಿಗೆ ಒಣಗಿ ಸಾಚಾ ಮುಖ ಮಾಡಿಕೊಂಡಿತ್ತು, ಕೆಳಗೆ ಬರೀ ರಾಡಿ.

ಹೆಂಗಸರ ಗುಂಪಿನಿಂದ ಸಾವಿತ್ರವ್ವ ಓಡಿ ಬಂದಳು. ಅವಳ ಮುಖ ನೋಡಿಯೇ ಮಾಲಿಂಗನಿಗೆ ಅರ್ಥವಾಯಿತು.

"ನೀರ ಬಿಟ್ಟಿದ್ದಿ ಏನ?"

"ನಸಿಕಿನ್ಯಾಗ ಕಾಲುವಿ ನೀರಿನ ಪಾಳಿ ಇತ್ತು, ಬಿಟ್ಟೆ" ಎಂದಳು ಸಣ್ಣ ದನಿಯಲ್ಲಿ. "ಸೋಮವಾರ ಪೂಜಿ ಮಾಡಿ ಮನಿ ಪಾಯಾ ತಗಿಯಾಕ ನೆಲ ಮೆತ್ತಗ ಇರ್ಲಿ ಅಂತ. ಯಜಮಾನ್ರ ಹಿಂಗ ಇಲ್ಲಿ ಹೊಕ್ಕಾರಂತ ನನಗೇನ ಕನಸ ಬಿದ್ದಿತ್ತೇನ?"

ಭಜನೆ ಮೇಳ ಇಳಿದು ನೂಕಿತು. ಬೀಗರು ಫೋನ್ ಕಿಸೆಗೆ ಹಾಕಿ ನೂಕಿದರು. ಐವತ್ತು ಜನ ಅಂಗಿ ಹರಿಯುವಂತೆ ನೂಕಿದರೂ ಟ್ರೇಲರ್ ಕೂದಲೆಳೆಯಷ್ಟು ಸರಿಯಲಿಲ್ಲ. ಒಬ್ಬ ಮನುಷ್ಯ, ಒಂದು ವಿಮಾನ, ನಾಲ್ಕು ಬಾಳೆಗಿಡ. ಇಷ್ಟು ಭಾರ ಎಲ್ಲಿಂದ ಬಂತೆಂದು ಜನ ಮುಖ ಮುಖ ನೋಡಿಕೊಂಡರು.

ಲಗಮಪ್ಪ ನೂಕುವುದನ್ನು ಬಿಟ್ಟು ಹಿಂದೆ ಸರಿದ. ಯಜಮಾನರ ಮುಖ ನೋಡಿದ, ನೆಲ ನೋಡಿದ, ಕುಂಕುಮದ ಕಲ್ಲು ನೋಡಿದ. ಆಮೇಲೆ ಮೆಲ್ಲಗೆ ಕೈ ಮುಗಿದ.

"ನೂಕಬ್ಯಾಡ್ರಿ" ಎಂದ. "ಹಿರ್ಯಾಗ ಈ ಜಾಗದಾಗ ಮನಸ ಐತಿ. ಇಲ್ಲೇ ಕುಂದ್ರತೇನಿ ಅನ್ನಾಕತ್ತಾನ."

ಮಾಲಿಂಗ ನಡುವೆ ಬಂದ. "ಏ ಲಗಮಣ್ಣಾ, ರಾಡ್ಯಾಗ ಸಿಕ್ಕೈತ್ರಿ ಅದು!"

"ಸಾವಿರ ಗಾಡಿ ರಾಡ್ಯಾಗ ಸಿಗತಾವು. ಐವತ್ತ ಮಂದಿ ನೂಕಿದ್ರ ಹೊಂಡತಾವು. ಜೀವ ಇದ್ದಾಗೂ ಈ ಮನುಷ್ಯಾ ಕುಂತ್ರ ಎದ್ದಾನೇನ? ರಸ್ತೆ ಬಾಗಿಸಿದಂವ ಇಂವ!"

ಜನ ತಲೆಯಾಡಿಸತೊಡಗಿತು. ಇನ್ನು ಒಂದು ಕ್ಷಣ ಬಿಟ್ಟರೆ ಕೆಟ್ಟೆನೆಂದು ಮಾಲಿಂಗ ಸೀಟಿಗೆ ಹಾರಿದ. ಯಜಮಾನರು ಅಲುಗಾಡಿ ಜಾಗ ಹೋದರೆ ಹೋಗಲಿ, ಮುಂದೆ ಕಾಲು ಹಿಡಿದು ಕೇಳಿದರಾಯಿತು. ಇಲ್ಲೇ ಕೂತುಬಿಟ್ಟರೆ ಯಾರ ಕಾಲು ಹಿಡಿಯುವುದು? ಹದಿನೇಳು ಹಂಗಾಮಿನ ಸಿಟ್ಟನ್ನೆಲ್ಲ ಸೇರಿಸಿ ರೇಸ್ ಕೊಟ್ಟ, ಕ್ಲಚ್ಚಿನಿಂದ ಕಾಲು ಕಿತ್ತ. ಟ್ರ್ಯಾಕ್ಟರ್ ಕೆನೆದು ಮುಂದಿನ ಎರಡೂ ಗಾಲಿ ಆಳೆತ್ತರಕ್ಕೆ ಎತ್ತಿ ನಿಂತಿತು. ಹೆಂಗಸರು ಕಿರುಚಿದರು. ಹಿಂದೆ ಟ್ರೇಲರ್ ಇದ್ದಲ್ಲೇ ಇತ್ತು. ಯಜಮಾನರ ಹಣೆಯ ವಿಭೂತಿಯ ಒಂದು ಕಣವೂ ಉದುರಲಿಲ್ಲ.

"ಅಲುಗಾಡಿಲ್ಲ!" ಎಂದು ಲಗಮಪ್ಪ ಚೀರಿದ. "ಟ್ರ್ಯಾಕ್ಟರ್ ನೆಟ್ಟಗ ನಿಂತೈತಿ, ಹಿರ್ಯಾ ಅಲುಗಾಡಿಲ್ಲ!"

ಜನ ಒಟ್ಟಿಗೆ ಕೈ ಮುಗಿಯಿತು. ಹುಕ್ಕೇರಿಯ ಬೀಗರು ಫೋನ್ ಮತ್ತೆ ತೆಗೆದರು. ಗುರುಲಿಂಗಪ್ಪನ ಕಣ್ಣಲ್ಲೂ ನೀರು.

ಸುಮನ್ ಗುಂಪು ಸೀಳಿಕೊಂಡು ಬಂದಳು. "ಅಪ್ಪಾ, ಕೆಳಗ ಏನೋ ಭಾರ ಇರ್ಬೇಕು. ಭಾರ ಹೆಚ್ಚಿದ್ದಷ್ಟೂ ಜಗ್ಗಾಕ ಬರೂದಿಲ್ಲ. ಇದು ಸಾದಾ ಲೆಕ್ಕ."

"ನಿನ್ನ ಪುಸ್ತಕದಾಗ ನಿಮ್ಮಜ್ಜ ಅದಾನೇನವಾ?" ಎಂದ ಲಗಮಪ್ಪ. "ಇಲ್ಲಲ್ಲ? ಹಂಗಾರ ಸುಮ್ಮನಿರು."

ಇನ್ನು ಮುಚ್ಚಿಟ್ಟು ಫಲವಿಲ್ಲ. ಬೈಗುಳ ತಿಂದರೂ ಸರಿ, ಕಳ್ಳ ಅನಿಸಿಕೊಂಡರೂ ಸರಿ, ಜಾಗ ಉಳಿಯಬೇಕು. ಮಾಲಿಂಗ ಸೀಟಿನಿಂದ ಧುಮುಕಿ, ಬಾಳೆಗಿಡ ಕಿತ್ತೆಸೆದು, ಜಮಖಾನೆಯನ್ನೂ ತಾಡಪತ್ರಿಯನ್ನೂ ಬದಿಯಿಂದ ಜಗ್ಗಿ ಸರಿಸಿದ.

"ನೋಡ್ರಿ! ಯಜಮಾನ್ರು ಹಿಡದ ಕುಂತಿಲ್ಲ. ನಾ ತಪ್ಪ ಮಾಡೇನ್ರಿ. ಜಟಕಾ ಹೊಡೀಬಾರ್ದಂತ ಅರವತ್ತ ಚೀಲ ಸಿಮೆಂಟ್ ಹೇರೇನಿ. ಚೀಲ ಇಳಸ್ರಿ, ಗಾಡಿ ಹೊಂಡತೈತಿ!"

ಗುರುಲಿಂಗಪ್ಪ ಹತ್ತಿರ ಬಂದು ಚೀಲದ ಮೇಲಿನ ಗುರುತು ನೋಡಿದ.

"ಇದು ನಮ್ಮ ಮಾಳಗೀ ಸಿಮೆಂಟ್ ಅಲ್ಲೇನೋ?"

"ಹೌದ್ರಿ. ಹೊಡೀರಿ, ಬಡೀರಿ, ತಪ್ಪಾತ್ರಿ."

ಗುರುಲಿಂಗಪ್ಪ ಕೈ ಎತ್ತಿದ. ಆ ಕೈ ಕೆನ್ನೆಗೆ ಬೀಳುವ ಮೊದಲೇ ಅಲ್ಲವ್ವ ಟ್ರೇಲರಿನ ಮೇಲಿನಿಂದ ದೊಡ್ಡ ದನಿ ತೆಗೆದು ಅತ್ತರು.

"ಅಯ್ಯ ನನ್ನ ರಾಜಾ! ಮಾಳಗಿ ಬ್ಯಾಡ, ಮಾಳಗಿ ಬ್ಯಾಡ ಅಂತ ದಿನಾ ಬಡ್ಕೋತಿದ್ದ್ಯಲ್ಲೋ, ಇದಕ್ಕೇನೋ ಬ್ಯಾಡ ಅಂದಿದ್ದಿ? ನಿನ್ನ ಸಮಾಧಿ ಗದ್ದಿಗಿಗೆ ಸಿಮೆಂಟ್ ನೀನ ಹಾಸ್ಕೊಂಡ ಬಂದೇನೋ!"

ಗುರುಲಿಂಗಪ್ಪನ ಕೈ ಹಾಗೆಯೇ ಇಳಿದು ಇನ್ನೊಂದು ಕೈಯ ಜತೆ ಸೇರಿ ಮುಗಿಯಿತು.

"ಕೇಳಿದ್ರಿಲ್ಲೋ?" ಎಂದ ಲಗಮಪ್ಪ ಗದ್ಗದನಾಗಿ. "ಈ ಹುಚ್ಚಪ್ಯಾಲಿಗೆ ಸಿಮೆಂಟ್ ಹೇರೂ ಬುದ್ಧಿ ಯಾರ ಕೊಟ್ರು? ಹದಿನೇಳ ವರ್ಷದಾಗ ಎಂದರ ಹೇರಿದ್ದನೇನ? ಜಾಗಾನೂ ಹಿರ್ಯಾನ ಆರಿಸ್ಯಾನ, ಸಿಮೆಂಟೂ ಅಂವನ ತರಿಸ್ಯಾನ. ಮಾಲಿಂಗಾ, ನಿನ್ನ ಕೈಲೆ ಮಾಡ್ಸ್ಯಾನ, ಪುಣ್ಯವಂತ ಅದಿ."

ಹಳೆಯ ಕುಣಿ ಮುಚ್ಚಲು ಇಬ್ಬರು ಹೋದರು. ಹೊಸ ಕುಣಿಗೆ ಗುದ್ದಲಿ ಬಿತ್ತು. ತೋಡುವವನು ಎರಡೇ ಏಟಿಗೆ, "ನೆಲ ಏನ ಮೆತ್ತಗ ಐತ್ರಿ, ಬೆಣ್ಣಿ!" ಎಂದು ಖುಷಿಪಟ್ಟ. ಸಾವಿತ್ರವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಹೊರಗಿನವಳಾದರೂ ಯಜಮಾನರಿಗಾಗಿ ಎಷ್ಟು ಅಳುತ್ತಾಳೆಂದು ಬೀಗರ ಹೆಂಗಸರು ಅವಳ ಬೆನ್ನು ಸವರಿದರು.

ಮಣ್ಣು ಮುಗಿದ ಮೇಲೆ ಗುರುಲಿಂಗಪ್ಪ ಮಾಲಿಂಗನ ಹೆಗಲ ಮೇಲೆ ಕೈ ಹಾಕಿದ.

"ನಾ ಮಾತಿನ ಮನಷ್ಯಾ. ಅಪ್ಪ ಅಲುಗಾಡಿಲ್ಲ, ಷರತ್ತ ನೀ ಗೆದ್ದಿ. ಸೋಮವಾರ ಎಂಟ ಗುಂಟೆ ನಿನ್ನ ಹೆಸರಿಗೆ ಬರ್ದ ಕೊಡ್ತೇನಿ."

ಮಾಲಿಂಗ ಬಾಯಿ ತೆರೆದ. ಒಂದು ಚೂರು ಆಸೆ ಇನ್ನೂ ಉಸಿರಾಡುತ್ತಿತ್ತು. "ಹಂಗಾರ ಒಂದ ಮೂಲ್ಯಾಗ ಸಣ್ಣ ಮನಿ..."

"ಗದ್ದಿಗಿ ನಡುವ ಐತಿ" ಎಂದ ಲಗಮಪ್ಪ, ಅಷ್ಟರಲ್ಲೇ ಹೆಜ್ಜೆ ಹಾಕಿ ಅಳೆಯುತ್ತ. "ಸುತ್ತ ಕಟ್ಟಿ ಬೇಕು. ಅದರ ಸುತ್ತ ತಿರಗಾಕ ಜಾಗ ಬೇಕು. ವರ್ಷಕ್ಕೊಮ್ಮೆ ಪಂಕ್ತಿ ಕುಂದ್ರಾಕ ಬೇಕು. ಮುಂದ ಅಲ್ಲವ್ವ ಬಂದ್ರ ಬಾಜೂಕ ಬೇಕು. ಎಂಟ ಗುಂಟೆ ಬರೋಬ್ಬರಿ ಆತು ನೋಡು!"

"ಕುರಿ ಗಿರಿ ಒಳಗ ಬಿಡಬ್ಯಾಡ" ಎಂದು ಗುರುಲಿಂಗಪ್ಪ ಸೇರಿಸಿದ. "ಜಾಗ ನಿಂದ ಅಲ್ಲೇನ? ದಿನಾ ಕಸಾ ಹೊಡ್ದು ದೀಪಾ ಹಚ್ಚೂದೂ ನಿಂದ."

ಕೆಲಸ ಇನ್ನೂ ಉಳಿದಿತ್ತು. ಅರವತ್ತು ಚೀಲವನ್ನು ಮಾಲಿಂಗನೇ ಒಂದೊಂದಾಗಿ ಹೊತ್ತು ಹಸಿ ಮಣ್ಣಿನ ದಿಬ್ಬದ ಪಕ್ಕ ಒಟ್ಟಿದ. ಗದ್ದಿಗೆಯ ಮೂಲೆಗೆ ಗುರುತು ಬೇಕೆಂದು ಯಾರೋ ಕುಂಕುಮದ ನಾಲ್ಕು ಕಲ್ಲು ಕಿತ್ತು ತಂದು ನೆಟ್ಟರು. ಹತ್ತು ಜನ ಕೈ ಹಚ್ಚಿದ್ದಕ್ಕೆ ಖಾಲಿ ಟ್ರೇಲರ್ ರಾಡಿಯಿಂದ ಸಲೀಸಾಗಿ ದಾರಿಗೆ ಬಂತು.

ನಡೆಯಲಾರದ ಅಲ್ಲವ್ವನನ್ನು ಅದರಲ್ಲಿ ಹತ್ತಿಸಿದರು. ಅವರ ಪಕ್ಕಕ್ಕೆ, ದಿನವಿಡೀ ನಡೆದು ದಣಿದೆನೆಂದು ಲಗಮಪ್ಪನೂ ಹತ್ತಿದ. ಮಾಲಿಂಗ ಸೀಟಿನಲ್ಲಿ ಕೂತು ಒಮ್ಮೆ ತನ್ನ ಎಂಟು ಗುಂಟೆಯತ್ತ ನೋಡಿದ. ಇನ್ನು ಅಲ್ಲಿಂದ ಯಜಮಾನರನ್ನು ಎಬ್ಬಿಸುವ ಇಂಜಿನ್ನು ಎಲ್ಲಿಯೂ ಹುಟ್ಟುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಮಾಲಿಂಗಾ, ಸಾವಕಾಶೋ!" ಎಂದು ಹಿಂದಿನಿಂದ ಅಲ್ಲವ್ವ ಊದಿದರು.

ಮಾಲಿಂಗ ಪೂರಾ ರೇಸ್ ಕೊಟ್ಟು ಎಡಗಾಲು ಎತ್ತಿದ. ಟ್ರೇಲರ್ ಜಿಗಿಯಿತು. ಹಿಂದೆ ಏನೋ ದೊಪ್ಪನೆ ಬಿದ್ದ ಸಪ್ಪಳವಾಯಿತು, ಆಮೇಲೆ ಲಗಮಪ್ಪನ ಕೂಗು ಕೇಳಿಸಿತು. ಮಾಲಿಂಗ ತಿರುಗಿ ನೋಡಲಿಲ್ಲ.